ಬರೀ ಟಿಎಸ್‌ಎಚ್ ಸಾಕಾ, ಪ್ಯಾಕೇಜ್ ಬೇಕಾ? ಕೊಡಗಿನಲ್ಲಿ ಇರುವವರಿಗೆ ಥೈರಾಯ್ಡ್ ಆಯ್ಕೆಗಳ ಹೋಲಿಕೆ

ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಯಾವ ಪೇಟೆಯ ಲ್ಯಾಬಿಗೆ ಹೋದರೂ ಇದೇ ಪ್ರಶ್ನೆ: ‘ಬರೀ ಟಿಎಸ್‌ಎಚ್ಚಾ, ಪ್ರೊಫೈಲಾ, ಫ್ರೀ ಪ್ರೊಫೈಲಾ?’ ಪ್ರೊಫೈಲ್ ಅಂದರೆ ಟಿಎಸ್‌ಎಚ್ ಜೊತೆ ಥೈರಾಯ್ಡಿನ ಹಾರ್ಮೋನುಗಳಾದ ಟಿ3, ಟಿ4 ಕೂಡ. ಫ್ರೀ ಪ್ರೊಫೈಲಿನಲ್ಲಿ ಆ ಎರಡರ ಪೈಕಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಭಾಗವನ್ನು ಮಾತ್ರ ಅಳೆಯುತ್ತಾರೆ. ಚೀಟಿಯಲ್ಲಿ ಡಾಕ್ಟರು ‘ಥೈರಾಯ್ಡ್’ ಅಂತಷ್ಟೇ ಗೀಚಿರುತ್ತಾರೆ. ಹಿಂದೆ ಜನ ನಿಂತಿರುತ್ತಾರೆ. ದುಡ್ಡು ಜಾಸ್ತಿ ಇರುವುದೇ ಒಳ್ಳೆಯದಿರಬೇಕು ಅಂತ ಹೆಚ್ಚಿನವರು ದೊಡ್ಡ ಪ್ಯಾಕೇಜಿಗೆ ಹೂಂ ಅನ್ನುತ್ತಾರೆ.

ಅವಸರದಲ್ಲಿ ಹೂಂ ಅನ್ನುವುದು ಇಲ್ಲೊಂದೇ ಕಡೆ ಅಲ್ಲ. ಎಲ್ಲಿ ರಕ್ತ ಕೊಡುವುದು, ಮಾತ್ರೆ ಶುರು ಮಾಡುವುದಾ ಕಾಯುವುದಾ, ಕಾಫಿ ಬಿಡಬೇಕಾ, ದೊಡ್ಡಾಸ್ಪತ್ರೆಯಲ್ಲಿ ‘ನಮ್ಮ ಅಧ್ಯಯನಕ್ಕೆ ಸೇರ್ತೀರಾ’ ಅಂದರೆ ಏನು ಹೇಳುವುದು, ಎಲ್ಲ ಕಡೆಯೂ ಹೀಗೇ. ನಾನು ಪ್ರತಿ ಸಲ ಎರಡು ವಿಷಯ ನೋಡುತ್ತೇನೆ. ಈ ಪರೀಕ್ಷೆ ಅಥವಾ ಸಂಶೋಧನೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ? ಅದನ್ನು ನೋಡಿದ್ದು ಯಾರ ಮೇಲೆ: ಇಲಿಯ ಮೇಲಾ, 70 ವರ್ಷದವರ ಮೇಲಾ, ಬಸುರಿಯರ ಮೇಲಾ? ಇಷ್ಟು ಗೊತ್ತಾದರೆ ಅರ್ಧ ಗೊಂದಲ ಕಮ್ಮಿ.

ಯಾವ ಪರೀಕ್ಷೆ?

ಟಿಎಸ್‌ಎಚ್ ಅಂದರೆ ಥೈರಾಯ್ಡಿಗೆ ಕೆಲಸ ಮಾಡು ಅನ್ನುವ ಹಾರ್ಮೋನು. ಅದು ಬರುವುದು ಥೈರಾಯ್ಡ್ ಗ್ರಂಥಿಯಿಂದ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಅದು ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಇದ್ದ ಹಾಗೆ. ಕೆಲಸ ನಿಧಾನ ಆದಷ್ಟೂ ಗಂಟಲು ಜೋರಾಗುತ್ತದೆ. ಥೈರಾಯ್ಡ್ ಸೋಮಾರಿಯಾದರೆ ಟಿಎಸ್‌ಎಚ್ ಏರುತ್ತದೆ, ಥೈರಾಯ್ಡ್ ಮಿತಿಮೀರಿ ಕೆಲಸ ಮಾಡಿದರೆ ಇಳಿಯುತ್ತದೆ. ಅದೂ ಬಹಳ ಸೂಕ್ಷ್ಮ. ರಕ್ತದಲ್ಲಿ ಫ್ರೀ ಟಿ4 ಎರಡು ಪಟ್ಟು ಬದಲಾದರೆ ಟಿಎಸ್‌ಎಚ್ ಸುಮಾರು 100 ಪಟ್ಟು ಬದಲಾಗಬಹುದು. ಅದಕ್ಕೇ ಮೊದಲ ಸಲ ಪರೀಕ್ಷೆ ಮಾಡಿಸುವ ಹೆಚ್ಚಿನವರಿಗೆ ಟಿಎಸ್‌ಎಚ್ ಒಂದೇ ಸಾಕು.

ಮತ್ತೆ ಪ್ರೊಫೈಲ್ ಯಾಕೆ ಇಷ್ಟು ಚಾಲ್ತಿಯಲ್ಲಿದೆ? ಹಳೆಯ ಅಭ್ಯಾಸವೂ ಒಂದು ಕಾರಣ ಅಂತ ನನ್ನ ಲೆಕ್ಕ. ರಕ್ತದಲ್ಲಿ ಇಷ್ಟು ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ದಾರಿ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಅವರ ಪ್ರಯೋಗಾಲಯದಲ್ಲಿ. ಅವರು ಮೊದಲು ಅಳೆದದ್ದು ಇನ್ಸುಲಿನ್. ಯಾಲೊಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅದೇ ವಿಧಾನದಲ್ಲಿ ಬಂದ ಮೊದಲ ಟಿಎಸ್‌ಎಚ್ ಪರೀಕ್ಷೆಗಳಿಗೆ ‘ಜಾಸ್ತಿ ಇದೆ’ ಅಂತ ಹೇಳುವುದಕ್ಕೆ ಮಾತ್ರ ಬರುತ್ತಿತ್ತು. ಕಡಿಮೆ ಯಾವುದು, ನಾರ್ಮಲ್ ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಆಗ ಟಿ3, ಟಿ4 ನೋಡಲೇಬೇಕಿತ್ತು. ಈಗಿನ ಮೂರನೇ ತಲೆಮಾರಿನ ಪರೀಕ್ಷೆ 0.01–0.02ರಷ್ಟು ಕೆಳಗಿನ ಮಟ್ಟವನ್ನೂ ಹಿಡಿಯುತ್ತದೆ. ಪಟ್ಟಿ ಮಾತ್ರ ಹಳೆಯದೇ ಉಳಿದಿದೆ.

ಇನ್ನು ಟಿಎಸ್‌ಎಚ್ ಜೊತೆ ಬೇರೆಯದೂ ಬೇಕಾಗುವ ಸಂದರ್ಭಗಳು. ಟಿಎಸ್‌ಎಚ್ ಏರುಪೇರು ಬಂದರೆ ಫ್ರೀ ಟಿ4 ಬೇಕು. ತುಂಬಾ ಇಳಿದಿದ್ದರೆ ಟಿ3 ಕೂಡ. ಬಸುರಿಯರು ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನು ಜಾಸ್ತಿ ಇರುತ್ತದೆ. ಹಾಗಾಗಿ ಸಾದಾ ಪ್ರೊಫೈಲಿನ ಒಟ್ಟು ಟಿ4 ಸುಮ್ನೆ ಜಾಸ್ತಿ ಕಾಣಿಸುತ್ತದೆ, ಕಾಯಿಲೆ ಇಲ್ಲದಿದ್ದರೂ. ಪಿಟ್ಯುಟರಿಯೇ ಸೋತಿದ್ದರೆ ಬರೀ ಟಿಎಸ್‌ಎಚ್ ನೋಡಿ ಮೋಸ ಹೋಗುತ್ತೇವೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಆಮೇಲೆ ಎದೆಹಾಲು ಬರಲಿಲ್ಲ, ಮುಟ್ಟು ನಿಂತೇ ಹೋಯಿತು ಅನ್ನುವ ಹೆಂಗಸರಲ್ಲಿ ಇದನ್ನು ನೆನಪಿಡಬೇಕು. ಅವರ ಟಿಎಸ್‌ಎಚ್ ‘ನಾರ್ಮಲ್’ ಬಂದರೂ ಫ್ರೀ ಟಿ4 ಕಡಿಮೆ ಇರಬಹುದು. ಇಂಥ ಹಳೆಯ ಹೆರಿಗೆ ಕಥೆ ಅಮ್ಮನಿಗೋ ಅತ್ತೆಗೋ ಇದ್ದರೆ ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳದೆ ಇರಬಹುದು.

ಆಂಟಿ-ಟಿಪಿಒ ಅನ್ನುವ ಆಂಟಿಬಾಡಿಯ ಪರೀಕ್ಷೆ ಬೇರೆಯದೇ ಪ್ರಶ್ನೆಗೆ: ನಮ್ಮ ದೇಹವೇ ಥೈರಾಯ್ಡಿನ ಮೇಲೆ ತಿರುಗಿ ಬಿದ್ದಿದೆಯಾ? ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ಬರೆದಿಟ್ಟ ಕಾಯಿಲೆಯ ಗುರುತು ಇದು. ಇಂಗ್ಲೆಂಡಿನ ವಿಕಮ್ ಎಂಬಲ್ಲಿ ಜನರನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ ಒಂದಿದೆ. ಟಿಎಸ್‌ಎಚ್ ಏರಿದ್ದು, ಈ ಆಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 4.3 ಮಂದಿಗೆ ಪೂರ್ತಿ ಹೈಪೊಥೈರಾಯ್ಡ್ (ಥೈರಾಯ್ಡ್ ಸೋಮಾರಿಯಾಗುವ ಕಾಯಿಲೆ) ಆಯಿತು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ 2.6. ಅಂದರೆ ಮುಂದೆ ಏನಾಗಬಹುದು ಅಂತ ಅಂದಾಜು ಮಾಡಲು ಇದು ಒಳ್ಳೆಯದು. ಒಮ್ಮೆ ಪಾಸಿಟಿವ್ ಬಂದ ಮೇಲೆ ಆರು ತಿಂಗಳಿಗೊಮ್ಮೆ ಮತ್ತೆ ಮಾಡಿಸುವುದು ಮಾತ್ರ ದುಡ್ಡು ದಂಡ. ಮಾತ್ರೆಯ ಡೋಸ್ ಆ ನಂಬರಿನ ಮೇಲೆ ನಿಂತಿಲ್ಲ.

ಇಲ್ಲೇ ಕೊಡುವುದಾ, ಮೈಸೂರಿಗೆ ಹೋಗುವುದಾ?

ಬರೀ ರಕ್ತ ಕೊಡಲು ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗಂತೂ ಬೇಡವೇ ಬೇಡ. ರಕ್ತದಿಂದ ಸೀರಮ್ (ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇರೆ ಮಾಡಿ ತಂಪಾಗಿ ಇಟ್ಟರೆ ಟಿಎಸ್‌ಎಚ್ ಕೆಲವು ದಿನ ಕೆಡುವುದಿಲ್ಲ. ಪೇಟೆಯ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟು ಸ್ಯಾಂಪಲ್ ಬೆಂಗಳೂರಿಗೆ ಹೋದರೂ ಫಲಿತಾಂಶ ಸರಿಯಾಗಿಯೇ ಬರಬಹುದು. ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮೊದಲು ಅಲ್ಲಿ ವಿಚಾರಿಸುವುದರಲ್ಲಿ ನಷ್ಟವೇನಿಲ್ಲ. ಪ್ರಯಾಣದ ದುಡ್ಡನ್ನು ತಜ್ಞರ ಭೇಟಿಗೆ ಉಳಿಸಿಕೊಳ್ಳಿ.

ಊರಿಗಿಂತ ಮುಖ್ಯ, ಒಂದೇ ಲ್ಯಾಬಿನಲ್ಲಿ ಮಾಡಿಸುವುದು. ರಿಪೋರ್ಟಿನಲ್ಲಿ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಿಎಲ್‌ಐಎ’, ‘ಇಸಿಎಲ್‌ಐಎ’, ‘ಎಲೈಸಾ’ ಅಂತ ಏನಾದರೂ ಇರುತ್ತದೆ. ಅದು ಅಳೆದ ವಿಧಾನ. ವಿಧಾನ ಬದಲಾದರೆ, ಅದರಲ್ಲೂ ಫ್ರೀ ಟಿ4ನಲ್ಲಿ, ನಂಬರು ಬದಲಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿಯೂ ಬೇರೆ ಇರುತ್ತದೆ. ಜೂನಿನಲ್ಲಿ ಒಂದು ಲ್ಯಾಬು, ಸೆಪ್ಟೆಂಬರಿನಲ್ಲಿ ಇನ್ನೊಂದು ಅಂತ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ‘ಏರಿದೆ’ ಅಂತ ತಲೆ ಕೆಡಿಸಿಕೊಳ್ಳುವವರು ಬೇಕಾದಷ್ಟು ಜನ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ ಅಂತ ಕೇಳಿ. ಇದ್ದರೆ ಗುಣಮಟ್ಟವನ್ನು ಹೊರಗಿನವರೂ ಪರಿಶೀಲಿಸುತ್ತಾರೆ ಅಂತ ಅರ್ಥ.

ಹೊತ್ತೂ ಒಂದೇ ಇರಲಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಬೆಳಗ್ಗೆ ಕೊಟ್ಟವರು ಪ್ರತಿ ಸಲ ಬೆಳಗ್ಗೆಯೇ ಕೊಡಲಿ. ಮತ್ತೊಂದು ವಿಷಯ, ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುವವರಿಗೆ. ಹಲವು ಯಂತ್ರಗಳ ಪರೀಕ್ಷೆಯಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ಹಾಗಾಗಿ ಜಾಸ್ತಿ ಬಯೋಟಿನ್ ರಕ್ತದಲ್ಲಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ಕಾಣಿಸಬಹುದು. ಇಲ್ಲದ ಹೈಪರ್‌ಥೈರಾಯ್ಡ್ (ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುವುದು) ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನಲ್ಲೂ ಹೇಳಿ.

ಟಿಎಸ್‌ಎಚ್ ಆರೋ ಏಳೋ ಬಂತು. ಮಾತ್ರೆಯಾ, ಕಾಯುವುದಾ?

ಫ್ರೀ ಟಿ4 ಸರಿ ಇದೆ, ಟಿಎಸ್‌ಎಚ್ ಮಾತ್ರ 4.5ರಿಂದ 10ರ ಮಧ್ಯೆ. ಇದು ಬಹಳ ಮನೆಗಳಲ್ಲಿ ಬರುವ ರಿಪೋರ್ಟ್. ಭಾರತದ ಎಂಟು ನಗರಗಳಲ್ಲಿ 5,376 ಜನರನ್ನು ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಹೈಪೊಥೈರಾಯ್ಡ್ ಕಂಡಿತ್ತು. ಅದರಲ್ಲಿ ನಮ್ಮ ಹತ್ತಿರದ ನಗರ ಅಂದರೆ ಬೆಂಗಳೂರು. ಗುಡ್ಡಗಾಡಿನ ಜಿಲ್ಲೆಗೆ ಅದೇ ನಂಬರು ಅಂತ ಹೇಳಲು ಬರುವುದಿಲ್ಲ.

ಮೊದಲ ಕೆಲಸ, ಎರಡು ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡುವುದು. ಎಷ್ಟೋ ಜನರಲ್ಲಿ ತಾನೇ ಇಳಿದಿರುತ್ತದೆ. ಜ್ವರ ಬಂದು ಎದ್ದ ಸಮಯದಲ್ಲೂ ಟಿಎಸ್‌ಎಚ್ ಸ್ವಲ್ಪ ಏರುತ್ತದೆ.

ಮತ್ತೆಯೂ ಹಾಗೇ ಇದ್ದರೆ ವಯಸ್ಸು ನೋಡಬೇಕು. 2017ರಲ್ಲಿ ಪ್ರಕಟವಾದ ‘ಟ್ರಸ್ಟ್’ ಅನ್ನುವ ಯುರೋಪಿನ ಪ್ರಯೋಗದಲ್ಲಿ 65 ದಾಟಿದ 737 ಮಂದಿ ಇದ್ದರು. ಅರ್ಧ ಜನಕ್ಕೆ ಲೆವೊಥೈರಾಕ್ಸಿನ್ (ಟಿ4 ಹಾರ್ಮೋನಿನ ಮಾತ್ರೆ), ಇನ್ನರ್ಧ ಜನಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಒಂದು ವರ್ಷದ ಮೇಲೆ ನೋಡಿದರೆ ಟಿಎಸ್‌ಎಚ್ ಇಳಿದಿತ್ತು. ಆದರೆ ಸುಸ್ತು ಮತ್ತು ಉಳಿದ ತೊಂದರೆಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಹಾಗಾಗಿ 72 ವರ್ಷದ ಅಜ್ಜಿಗೆ 6.8 ಬಂತು ಅಂದರೆ ನಾನು ಕಾಯುವ ಪಕ್ಷ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಮೇಲಿರುವುದು ಸಹಜವೂ ಹೌದು. ಮಾತ್ರೆ ಜಾಸ್ತಿಯಾದರೆ ಎದೆಬಡಿತ ತಪ್ಪುವುದು, ಮೂಳೆ ಸವೆಯುವುದು ಇಂಥ ತೊಂದರೆ ಈ ವಯಸ್ಸಿನವರಿಗೇ ಜಾಸ್ತಿ.

ಇದೇ ಪ್ರಯೋಗವನ್ನು ತೋರಿಸಿ 28ರ ಸೊಸೆಗೂ ಮಾತ್ರೆ ಬೇಡ ಅನ್ನುವುದು ಮಾತ್ರ ತಪ್ಪು. ಅವರಂಥವರು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಮಗು ಬೇಕು ಅಂತಿರುವವರು, ಬಸುರಿಯರು, ಟಿಎಸ್‌ಎಚ್ 10 ದಾಟಿದವರು, ಫ್ರೀ ಟಿ4 ಕಡಿಮೆ ಇರುವವರು, ಇವರ ಲೆಕ್ಕವೇ ಬೇರೆ. ಬಸುರಿಯರಂತೂ ಎರಡು ತಿಂಗಳು ಕಾದು ನೋಡುವ ಹಾಗಿಲ್ಲ, ಆ ವಾರವೇ ಡಾಕ್ಟರನ್ನು ಕಾಣಬೇಕು. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಸುರಿನಲ್ಲಿ ಡೋಸ್ ಸಾಮಾನ್ಯವಾಗಿ ಕಾಲು ಭಾಗದಷ್ಟೋ ಇನ್ನೂ ಸ್ವಲ್ಪವೋ ಏರಿಸಬೇಕಾಗುತ್ತದೆ.

ಬೆಳಗ್ಗೆ ಕಾಫಿ ಮೊದಲಾ, ಮಾತ್ರೆ ಮೊದಲಾ?

ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಲ್ವಾ! ಕಣ್ಣು ಬಿಟ್ಟ ಕೂಡಲೇ ಒಲೆ ಮೇಲೆ ಬೆಲ್ಲದ ಕಾಫಿ. ಅದು ಹೊಟ್ಟೆಗೆ ಬೀಳದೆ ತೋಟಕ್ಕೆ ಕಾಲಿಡದವರು ಎಷ್ಟೋ ಮಂದಿ. ಡಾಕ್ಟರು ‘ಖಾಲಿ ಹೊಟ್ಟೆಗೆ ಮಾತ್ರೆ’ ಅಂದಿರುತ್ತಾರೆ. ಕಾಫಿ ತಿಂಡಿ ಅಲ್ಲವಲ್ಲ ಅಂತ ಮಾತ್ರೆಯನ್ನು ಕಾಫಿ ಜೊತೆಗೇ ನುಂಗಿಬಿಡುತ್ತಾರೆ. ಡೋಸ್ 50 ಮೈಕ್ರೋಗ್ರಾಮಿನಿಂದ 75, 75ರಿಂದ 100 ಅಂತ ಏರುತ್ತಾ ಹೋಗುತ್ತದೆ. ಟಿಎಸ್‌ಎಚ್ ಜಗ್ಗುವುದಿಲ್ಲ.

ಇದನ್ನು ಇಟಲಿಯವರು ಸರಿಯಾಗಿ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಅವರೂ ಕಾಫಿ ಬಿಡದ ಜನವೇ. ಕೆಲವರಿಗೆ ಮಾತ್ರೆಯನ್ನು ನೀರಿನ ಜೊತೆ ಕೊಟ್ಟು, ಇನ್ನೊಂದು ದಿನ ಎಸ್‌ಪ್ರೆಸೊ ಜೊತೆ ಕೊಟ್ಟು ರಕ್ತದಲ್ಲಿ ಟಿ4 ಎಷ್ಟು ಏರುತ್ತದೆ ಅಂತ ನೋಡಿದರು. ಕಾಫಿ ಜೊತೆ ಕೊಟ್ಟಾಗ ಮಾತ್ರೆ ಕಡಿಮೆ ಹೀರಿಕೊಂಡಿತು. ನೋಡಿದ್ದು ಬೆರಳೆಣಿಕೆಯ ಜನರಲ್ಲಿ, ನಿಜ. ಆದರೆ ಪ್ರಶ್ನೆ ಸರಳ, ಉತ್ತರ ಸ್ಪಷ್ಟ. ನಮ್ಮ ಕಾಫಿಗೆ ಹಾಲೂ ಬೀಳುತ್ತದೆ. ಕ್ಯಾಲ್ಸಿಯಂ ಕೂಡ ಈ ಮಾತ್ರೆಗೆ ಅಡ್ಡಗಾಲು ಹಾಕುತ್ತದೆ.

ಈಗ ಆಯ್ಕೆ ಎರಡು. ಒಂದು, ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಮಾತ್ರೆ ಬಾಟಲಿಯನ್ನು ದಿಂಬಿನ ಪಕ್ಕವೇ ಇಟ್ಟುಕೊಳ್ಳಿ. ಮುಖ ತೊಳೆದು, ಕೋಳಿ ಬಿಟ್ಟು, ಹಾಲು ಕರೆದು ಬರುವಷ್ಟರಲ್ಲಿ ಹೊತ್ತು ಆಗಿರುತ್ತದೆ. ಇನ್ನೊಂದು, ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ. 2010ರಲ್ಲಿ ನೆದರ್‌ಲೆಂಡ್ಸಿನಲ್ಲಿ 90 ಮಂದಿಯನ್ನು ನೋಡಿದ ಪ್ರಯೋಗದಲ್ಲಿ, ಮಲಗುವಾಗ ನುಂಗಿದಾಗ ಟಿಎಸ್‌ಎಚ್ ಇನ್ನೂ ಚೆನ್ನಾಗಿ ಇಳಿದಿತ್ತು. ಬೇಗ ಉಂಡು ತಡವಾಗಿ ಮಲಗುವ ಮನೆಗೆ ಇದು ಸರಿ. ಒಂಬತ್ತೂವರೆಗೆ ಉಂಡು ಹತ್ತಕ್ಕೆ ದೀಪ ಆರಿಸುವವರಿಗೆ ಉಪಯೋಗವಿಲ್ಲ. ನನ್ನನ್ನು ಕೇಳಿದರೆ ಮನೆಯ ದಿನಚರಿಗೆ ಹೊಂದುವುದೇ ಒಳ್ಳೆಯ ಹೊತ್ತು. ವಾರಕ್ಕೊಂದು ಥರ ಬದಲಾಯಿಸುವುದು ಮಾತ್ರ ಬೇಡ.

ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರ ಬಿಟ್ಟೇ ರಕ್ತ ಪರೀಕ್ಷೆ. ಟಿ4 ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಪಿಟ್ಯುಟರಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು ಬೇಕು. ಹದಿನೈದು ದಿನಕ್ಕೇ ಓಡಿದರೆ ಅರ್ಧ ದಾರಿಯ ನಂಬರು ಸಿಗುತ್ತದೆ. ಮತ್ತೆ, ಜುಲೈ ತಿಂಗಳಲ್ಲಿ ಗೋಡೆಗೂ ಬೂಸು ಹಿಡಿಯುವ ಊರು ನಮ್ಮದು. ಮಾತ್ರೆಯನ್ನು ಬಾಟಲಿಯಿಂದ ತೆಗೆದು ಬೇರೆ ಡಬ್ಬಿಗೆ ಹಾಕಬೇಡಿ, ಒಲೆ ಹತ್ತಿರವೂ ಇಡಬೇಡಿ. ತೇವಕ್ಕೂ ಬಿಸಿಗೂ ಅದರ ಶಕ್ತಿ ಕುಂದುತ್ತದೆ.

ಟಿ4 ಜೊತೆ ಟಿ3 ಕೂಡ ಸೇರಿಸಿದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. 1999ರಲ್ಲಿ 33 ಜನರ ಒಂದು ಸಣ್ಣ ಪ್ರಯೋಗದಲ್ಲಿ ಹಾಗೆ ಕಂಡಿತ್ತು. ಆಮೇಲೆ 11 ಪ್ರಯೋಗಗಳ 1,216 ಜನರನ್ನು ಸೇರಿಸಿ 2006ರಲ್ಲಿ ನೋಡಿದಾಗ ಆ ಲಾಭ ಕಾಣಿಸಲಿಲ್ಲ. ಬರೀ ಟಿ4 ಸಾಕು.

ಕಣಿಲೆ ತಿನ್ನಬಹುದಾ? ಉಪ್ಪು ಯಾವುದು?

ಮಳೆಗಾಲ ಬಂದರೆ ಕಣಿಲೆ, ಅಂದರೆ ಎಳೆ ಬಿದಿರು, ಬೇಕೇ ಬೇಕು. ಬೈಂಬಳೆ ಕರಿ ಇಲ್ಲದ ಕಕ್ಕಡ ತಿಂಗಳು ಉಂಟಾ? ‘ಥೈರಾಯ್ಡ್ ಇದ್ದವರಿಗೆ ಬಿದಿರು ವಿಷ’ ಅನ್ನುವ ಮೆಸೇಜೂ ಅದೇ ಹೊತ್ತಿಗೆ ಬರುತ್ತದೆ. ಅದರ ಹಿಂದೆ ನಿಜವಾದ ಪ್ರಯೋಗಾಲಯದ ಕೆಲಸ ಇದೆ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇದೆ. ದೇಹದೊಳಗೆ ಅದು ಥಯೋಸಯನೇಟ್ ಆಗಿ, ಹಾರ್ಮೋನು ಮಾಡಲು ಬೇಕಾದ ಅಯೋಡಿನ್ನನ್ನು ಥೈರಾಯ್ಡ್ ಹೀರದಂತೆ ತಡೆಯುತ್ತದೆ. ಕೋಲ್ಕತ್ತಾದ ಸಂಶೋಧಕರು ಇಲಿಗಳಿಗೆ ಕಣಿಲೆ ತಿನ್ನಿಸಿ ನೋಡಿದಾಗ ಥೈರಾಯ್ಡಿನ ಕೆಲಸ ಕುಗ್ಗಿತು. ಅಯೋಡಿನ್ ಜಾಸ್ತಿ ಕೊಟ್ಟಾಗ ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆದರೆ ಅದು ದಿನಾ ಕಣಿಲೆ ತಿಂದ ಇಲಿ. ನಾವು ಹೆಚ್ಚಿ, ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿ ತಿನ್ನುವವರು. ಅದೂ ವರ್ಷಕ್ಕೆ ಕೆಲವು ವಾರ. ನೆನೆಸಿ ಬೇಯಿಸಿದರೆ ಆ ಅಂಶ ಬಹಳಷ್ಟು ಹೋಗುತ್ತದೆ. ಕಾಫಿ ಪ್ರಯೋಗ ಮನುಷ್ಯರ ಮೇಲೆ, ನಮ್ಮದೇ ಮಾತ್ರೆಯ ಮೇಲೆ ನಡೆದದ್ದು, ಅದಕ್ಕೆ ಅಭ್ಯಾಸ ಬದಲಾಯಿಸಿಕೊಳ್ಳುವುದು ಸರಿ. ಕಣಿಲೆಯ ವಿಷಯಕ್ಕೆ ಹಳೆಯ ಅಡುಗೆ ಪದ್ಧತಿ ಬಿಡದಿದ್ದರೆ ಸಾಕು, ಜೊತೆಗೆ ಅಯೋಡಿನ್ ಉಪ್ಪು.

ಉಪ್ಪಿನ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಮಳೆ ಜಾಸ್ತಿ ಇರುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತದೆ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು 1956ರಲ್ಲಿ ಶುರು ಮಾಡಿದ ಅಧ್ಯಯನ ಇದನ್ನು ತೀರ್ಮಾನ ಮಾಡಿತು. ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಕೊಟ್ಟರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು. ಇಡೀ ದೇಶದ ಉಪ್ಪಿನ ಕಾರ್ಯಕ್ರಮ 1962ರಲ್ಲಿ ಶುರುವಾದದ್ದು ಆ ಕೆಲಸದ ಬಲದಿಂದ. ಈಗ ಅದನ್ನೇ ಬಿಟ್ಟು ಗುಲಾಬಿ ಬಣ್ಣದ ಉಪ್ಪಿಗೆ ಜಾಸ್ತಿ ದುಡ್ಡು ಕೊಡುವುದು ಯಾಕೋ! ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನ ಗುರುತು ನೋಡಿ ತನ್ನಿ. ಅದೇ ಗುರುತಿನ ಕಲ್ಲುಪ್ಪೂ ಸಿಗುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಕಲ್ಲುಪ್ಪನ್ನು ತೊಳೆದು ಹಾಕುವ ಅಭ್ಯಾಸ ಇದ್ದರೆ ಅಯೋಡಿನ್ನೂ ತೊಳೆದು ಹೋಯಿತು ಅಂತ ತಿಳಿಯಿರಿ.

ಥೈರಾಯ್ಡ್ ಜಾಸ್ತಿಯಾದರೆ

ನಮ್ಮ ದೇಹದ ಆಂಟಿಬಾಡಿಗಳೇ ಥೈರಾಯ್ಡನ್ನು ಕೆರಳಿಸಿ ಮಿತಿಮೀರಿ ಕೆಲಸ ಮಾಡಿಸುವುದು ಗ್ರೇವ್ಸ್ ಕಾಯಿಲೆ. ಇದಕ್ಕೆ ಮೂರು ದಾರಿ: ಹಾರ್ಮೋನು ಇಳಿಸುವ ಕಾರ್ಬಿಮಜೋಲ್ ಮಾತ್ರೆ, ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್), ಆಪರೇಷನ್.

ಮಾತ್ರೆ ನಮ್ಮ ಊರಲ್ಲೇ ಇದ್ದು ಮಾಡಬಹುದಾದದ್ದು. ಒಂದರಿಂದ ಒಂದೂವರೆ ವರ್ಷ ಬೇಕು. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನಕ್ಕೆ ಮರುಕಳಿಸುತ್ತದೆ. ತೋಟದೊಳಗಿನ ಮನೆಯವರು ಒಂದು ವಿಷಯ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು: ಈ ಮಾತ್ರೆ ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬಿಳಿ ರಕ್ತಕಣ ತೀರಾ ಕುಸಿಯುವುದು ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಜೀವಕ್ಕೇ ಅಪಾಯ. ಮಳೆಯಲ್ಲಿ ನೆಂದ ಶೀತ ಅಂತ ಕಷಾಯ ಕುಡಿದು ಮಲಗುವ ಹಾಗಿಲ್ಲ.

ರೇಡಿಯೋ ಅಯೋಡಿನ್ ಅನ್ನು ಅಮೆರಿಕದ ಸಾಲ್ ಹರ್ಟ್ಸ್ 1941ರಲ್ಲಿ ಮೊದಲು ರೋಗಿಗೆ ಕೊಟ್ಟರು. ಬಾಯಲ್ಲಿ ನುಂಗುವುದಷ್ಟೇ. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ದೊಡ್ಡಾಸ್ಪತ್ರೆಗೇ ಹೋಗಬೇಕು. ಆಮೇಲೆ ಹೆಚ್ಚಿನವರು ಜೀವಮಾನವಿಡೀ ಲೆವೊಥೈರಾಕ್ಸಿನ್ ತೆಗೆದುಕೊಳ್ಳಬೇಕಾಗುತ್ತದೆ. ಬಸುರಿಯರಿಗೆ, ಹಾಲೂಡಿಸುವವರಿಗೆ ಕೊಡುವುದಿಲ್ಲ. ಮುಂದೆ ಆರು ತಿಂಗಳಾದರೂ ಬಸುರಾಗಬಾರದು. ಕೆಲವು ದಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಹಾಗಿಲ್ಲ. ಕೂಡುಕುಟುಂಬದ ಐನ್‌ಮನೆಯಲ್ಲಿ ಇದು ಸುಲಭವಲ್ಲ, ಮೊದಲೇ ಒಂದು ಕೋಣೆ ನೋಡಿಡಿ. ಕಣ್ಣು ಉಬ್ಬಿದವರು, ಸಿಗರೇಟು ಸೇದುವವರು ಮೊದಲೇ ಹೇಳಬೇಕು, ಕಣ್ಣಿನ ತೊಂದರೆ ಜಾಸ್ತಿಯಾಗಬಹುದು.

ಗಂಟು ದೊಡ್ಡದಾಗಿ ಉಸಿರಾಟಕ್ಕೆ ಅಡ್ಡ ಬಂದರೆ, ಕ್ಯಾನ್ಸರ್ ಅನುಮಾನ ಇದ್ದರೆ ಆಪರೇಷನ್. ಧ್ವನಿಯ ನರಕ್ಕೆ ಪೆಟ್ಟು, ಕ್ಯಾಲ್ಸಿಯಂ ಕುಸಿತ, ಇವೆರಡು ಅಪಾಯ. ಇಲ್ಲಿ ಮಾತ್ರ ಊರು ಬಿಟ್ಟು ಹೋಗುವುದು ಸರಿ. ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ ಅಂತ ಸರ್ಜನ್ನರನ್ನೇ ಕೇಳಿ, ಸಂಕೋಚ ಬೇಡ.

ಅಧ್ಯಯನಕ್ಕೆ ಸೇರುವುದಾ?

ಮೈಸೂರು, ಮಂಗಳೂರು, ಬೆಂಗಳೂರಿನ ಬೋಧನಾ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಎದುರಾಗಬಹುದು. ಎರಡು ಬಗೆ ಇದೆ. ಒಂದರಲ್ಲಿ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಸ್ವಲ್ಪ ಜಾಸ್ತಿ ರಕ್ತ ತೆಗೆದು, ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಇದಕ್ಕೆ ಸೇರಲು ನನಗೆ ಅಳುಕಿಲ್ಲ. ಇನ್ನೊಂದು ಔಷಧದ ಪ್ರಯೋಗ. ಯಾರಿಗೆ ಯಾವ ಮಾತ್ರೆ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಖಾಲಿ ಮಾತ್ರೆಯೂ ಬರಬಹುದು. ಇದಕ್ಕೆ ಯೋಚಿಸಿ ಹೂಂ ಅನ್ನಿ.

ಭಾರತದಲ್ಲಿ 2009ರ ಜೂನಿನಿಂದ ಇಂಥ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ಇರಲೇಬೇಕು. ಅದರ ನಂಬರು ಕೇಳಿ, ಯಾರು ಬೇಕಾದರೂ ನೋಡಬಹುದು. 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮ್ಮದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ, ಮನೆಗೆ ತಂದು ಓದಿ. ಇಲ್ಲಿಂದ ಹೋಗುವವರು ಇನ್ನೂ ಮೂರು ವಿಷಯ ಬರೆಸಿಕೊಳ್ಳಬೇಕು: ಎಷ್ಟು ಸಲ ಬರಬೇಕು, ಬಸ್ಸಿನ ಚಾರ್ಜು ಯಾರು ಕೊಡುತ್ತಾರೆ, ಮಳೆಗೆ ದಾರಿ ಮುಚ್ಚಿ ಒಂದು ಭೇಟಿ ತಪ್ಪಿದರೆ ಮಾತ್ರೆ ಎಲ್ಲಿಂದ ಸಿಗುತ್ತದೆ.